ಮಾತಿನಿಂದ ಸ್ವರ ತೆಗೆಯುವ ದಾರಿ: ರುದ್ರೇಶ್ ಮಹಾಂತಪ್ಪ ಅವರ ಸ್ಯಾಕ್ಸೋಫೋನ್

2004ರಲ್ಲಿ ಹೊರಬಂದ 'ಮದರ್ ಟಂಗ್' ಎಂಬ ಜಾಝ್ ಆಲ್ಬಮ್ಮಿನಲ್ಲಿ 'ಕನ್ನಡ' ಎಂದೇ ಹೆಸರಿರುವ ಒಂದು ರಚನೆ ಇದೆ. ಅದರಲ್ಲಿ ಸಾಹಿತ್ಯವಿಲ್ಲ, ಹಾಡುವವರೂ ಇಲ್ಲ. ಆಲ್ಟೊ ಸ್ಯಾಕ್ಸೋಫೋನ್, ಪಿಯಾನೊ, ಬಾಸ್, ಡ್ರಮ್ಸ್, ಇಷ್ಟೇ. ನುಡಿಸಿದವರು, ರಚಿಸಿದವರು ರುದ್ರೇಶ್ ಮಹಾಂತಪ್ಪ; ಪಿಯಾನೊದಲ್ಲಿ ವಿಜಯ್ ಅಯ್ಯರ್, ಬಾಸ್‌ನಲ್ಲಿ ಫ್ರಾನ್ಸ್ವಾ ಮುತಾಂ, ಡ್ರಮ್ಸ್‌ನಲ್ಲಿ ಎಲಿಯಟ್ ಹಂಬರ್ಟೊ ಕವೀ. ಅದೇ ಆಲ್ಬಮ್ಮಿನಲ್ಲಿ ಕೊಂಕಣಿ, ತಮಿಳು, ತೆಲುಗು, ಮಲಯಾಳಂ, ಗುಜರಾತಿ ಹೆಸರಿನ ರಚನೆಗಳೂ ಇವೆ. ಅಮೆರಿಕದಲ್ಲಿ ನೆಲೆಸಿದ ಭಾರತೀಯರಿಗೆ ಪದೇ ಪದೇ ಎದುರಾಗುವ 'ನೀವು ಇಂಡಿಯನ್ ಮಾತಾಡ್ತೀರಾ, ಹಿಂದೂ ಮಾತಾಡ್ತೀರಾ' ಎಂಬ ಪ್ರಶ್ನೆಗೆ ಬೇರೆ ಬೇರೆ ಭಾಷೆಯವರು ತಮ್ಮ ಭಾಷೆಯಲ್ಲೇ ಕೊಟ್ಟ ಉತ್ತರಗಳನ್ನು ರೆಕಾರ್ಡ್ ಮಾಡಿಕೊಂಡು, ಆ ಮಾತಿನ ಏರಿಳಿತವನ್ನು ಸ್ವರಕ್ಕೆ ಇಳಿಸಿ, ಅದರಿಂದ ಈ ರಚನೆಗಳನ್ನು ಕಟ್ಟಲಾಗಿದೆ.

ಹಾಸನ, ಚಿಕ್ಕಮಗಳೂರು ಕಡೆಯ ಮದುವೆ ಮಂಟಪಗಳಲ್ಲಿ ವಾಲಗದ ಜೊತೆ ಸ್ಯಾಕ್ಸೋಫೋನ್ ಕೇಳುವುದು ಈಗ ಹೊಸದಲ್ಲ. ಅದನ್ನು ನುಡಿಸುವವರ ಕೈಯಲ್ಲಿರುವುದು ಹೆಚ್ಚಾಗಿ ಆಲ್ಟೊ. ಮಹಾಂತಪ್ಪ ಅವರ ಕೈಯಲ್ಲಿರುವುದೂ ಅದೇ. ಕರ್ನಾಟಕ ಸಂಗೀತದ ಪಾಠಗಳಾದ ಸರಳೆ, ಜಂಟಿ, ಗೀತೆ, ವರ್ಣ ದಾಟಿದವರು ಅವರ ಸಂಗೀತವನ್ನು ದೂರದ್ದು ಎಂದು ಬಿಡಬೇಕಿಲ್ಲ. ಅವರ ರಚನೆಯ ವಿಧಾನಗಳಲ್ಲಿ ಕನಿಷ್ಠ ಎರಡನ್ನು ಇಲ್ಲೇ ಕುಳಿತು, ಮೊಬೈಲ್ ಮತ್ತು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಅಭ್ಯಾಸ ಮಾಡಬಹುದು. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ಮೊದಲು ಅವರ ವೃತ್ತಿಜೀವನದ ಗೆರೆ. ಹುಟ್ಟಿದ್ದು 1971ರ ಮೇ 4, ಇಟಲಿಯ ಟ್ರಿಯೆಸ್ಟೆಯಲ್ಲಿ. ಕುಟುಂಬ ಕರ್ನಾಟಕ ಮೂಲದ್ದು. ಬೆಳೆದದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್‌ನಲ್ಲಿ. ಬಾಸ್ಟನ್ನಿನ ಬರ್ಕ್ಲೀಯಲ್ಲಿ ಪದವಿ, ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ, ಆಮೇಲೆ ನ್ಯೂಯಾರ್ಕ್. 2007ರಲ್ಲಿ ಗುಗನ್‌ಹೈಮ್ ಫೆಲೋಶಿಪ್. 2016ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ಹೊಣೆ. 'ಮದರ್ ಟಂಗ್' ಆದ ಎರಡು ವರ್ಷಕ್ಕೆ ಗುಪ್ತಲಿಪಿ ಮತ್ತು ಸಂಖ್ಯೆಗಳ ವಿನ್ಯಾಸವನ್ನು ಆಧರಿಸಿದ 'ಕೋಡ್‌ಬುಕ್' ಬಂತು. 2008ರಲ್ಲಿ, ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ನಮ್ಮ ಕದ್ರಿ ಗೋಪಾಲನಾಥರ ಜೊತೆ 'ಕಿನ್ಸ್‌ಮೆನ್'. ಅದೇ ವರ್ಷ ಗಿಟಾರ್‌ನ ರೆಝ್ ಅಬ್ಬಾಸಿ, ತಬಲಾದ ಡ್ಯಾನ್ ವೈಸ್ ಜೊತೆ 'ಆಪ್ತಿ'. ಮುಂದೆ 2010ರಲ್ಲಿ ಹಿರಿಯ ಆಲ್ಟೊ ವಾದಕ ಬಂಕಿ ಗ್ರೀನ್ ಜೊತೆ 'ಏಪೆಕ್ಸ್', 2011ರಲ್ಲಿ 'ಸಂಧಿ', 2013ರಲ್ಲಿ 'ಗಮಕ್', 2015ರಲ್ಲಿ 'ಬರ್ಡ್ ಕಾಲ್ಸ್', 2017ರಲ್ಲಿ 'ಅಗ್ರಿಮ', 2020ರಲ್ಲಿ 'ಹೀರೋ ಟ್ರಯೊ'.

ಪಟ್ಟಿ ನೋಡಿದವರು 'ಕಿನ್ಸ್‌ಮೆನ್'ನಿಂದಲೇ ಕೇಳಲು ಶುರು ಮಾಡುತ್ತಾರೆ, ಕದ್ರಿಯವರ ಹೆಸರು ಇರುವುದರಿಂದ. ಅದಕ್ಕಿಂತ 'ಮದರ್ ಟಂಗ್' ಮೊದಲು ಕೇಳುವುದು ಒಳ್ಳೆಯದು. 'ಕಿನ್ಸ್‌ಮೆನ್' ಕೇಳುವಾಗ ನಮ್ಮ ಕಿವಿ ತನ್ನಷ್ಟಕ್ಕೇ ರಾಗ ಹುಡುಕುತ್ತದೆ, ಸಿಕ್ಕಿದ ರಾಗದಲ್ಲೇ ನಿಂತುಬಿಡುತ್ತದೆ. 'ಮದರ್ ಟಂಗ್'ನಲ್ಲಿ ಹಾಗೆ ಹಿಡಿದುಕೊಳ್ಳಲು ರಾಗ ಸಿಗುವುದಿಲ್ಲ. ಆಗ ಇವರು ನಿಜವಾಗಿ ಎಲ್ಲಿ ಕೆಲಸ ಮಾಡುತ್ತಾರೆ ಎಂಬುದು ಕಾಣುತ್ತದೆ: ನುಡಿಯ ಉದ್ದ, ಗುರು ಲಘುಗಳ ಜೋಡಣೆ, ಒಂದೇ ನುಡಿ ತಾಳದ ಬೇರೆ ಬೇರೆ ಜಾಗದಲ್ಲಿ ಬಂದು ಕೂರುವ ರೀತಿ.

ಇನ್ನು ಅಭ್ಯಾಸ. ಮುಂದೆ ಹೇಳುವ ಲೆಕ್ಕ ಅವರ ರಚನೆಯ ನಕಲಲ್ಲ. ಅವರ ಮೂಲ ಉಪಾಯವನ್ನು ಆದಿತಾಳಕ್ಕೆ ಹೊಂದಿಸಿಕೊಂಡದ್ದು.

ಒಂದು ವಾಕ್ಯ ಆರಿಸಿಕೊಳ್ಳಿ. ಹಾಸನದ ಕಡೆ ಹೊಸಬರನ್ನು ಕಂಡರೆ ಮೊದಲು ಬರುವ ಮಾತು 'ಯಾವೂರಾಯ್ತು ತಮ್ದು?' ಎಂದು. ಇದನ್ನು ಓದಿಸಿ ರೆಕಾರ್ಡ್ ಮಾಡಿದರೆ ಕೆಲಸಕ್ಕೆ ಬರುವುದಿಲ್ಲ. ಓದುವಾಗ ಎಲ್ಲರ ದನಿಯೂ ಚಪ್ಪಟೆಯಾಗುತ್ತದೆ, ಏರಿಳಿತ ಅರ್ಧಕ್ಕರ್ಧ ಕಳೆದುಹೋಗುತ್ತದೆ. ಒಪ್ಪಿಗೆ ಕೇಳಿ, ಮಾತಾಡುತ್ತಾ ಆಡುತ್ತಾ ಸಹಜವಾಗಿ ಬಂದದ್ದನ್ನು ಹಿಡಿಯಬೇಕು. ಮೊಬೈಲ್ ಬಾಯಿಂದ ಒಂದು ಅಡಿ ದೂರ ಇದ್ದರೆ ಸಾಕು. ಫ್ಯಾನ್ ಆರಿಸಿ, ಅದರ ಗುಂಯ್ ಎಂಬ ಶಬ್ದ ಕೆಳಸ್ಥಾಯಿಯ ದನಿಯ ಮೇಲೆ ಕೂತು ಸ್ವರ ಗುರುತಿಸಲು ಬಿಡುವುದಿಲ್ಲ.

ಈಗ ಮಾತ್ರೆ ಹಾಕಿ. ಯಾ ಗುರು, ವೂ ಗುರು, ರಾಯ್ ಗುರು, ತು ಲಘು, ತಮ್ ಗುರು, ದು ಲಘು. ಎರಡು, ಎರಡು, ಎರಡು, ಒಂದು, ಎರಡು, ಒಂದು. ಒಟ್ಟು 10 ಮಾತ್ರೆ. ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ ಯಾರಿಗೂ ಇದು ಕಷ್ಟವಲ್ಲ. ಮಾತಿನಲ್ಲಿ ಕೊನೆಯ ದು ಸ್ವಲ್ಪ ಎಳೆಯುತ್ತದೆ. ಆ ಎಳೆತವನ್ನು ಮಾತ್ರೆಯೊಳಗೆ ಸೇರಿಸದೆ ಕಾರ್ವೆಯಾಗಿ, ಅಂದರೆ ನುಡಿಯ ನಂತರದ ತೆರಪಾಗಿ, ಬೇರೆ ಇಡಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಸ್ವರ. ರೆಕಾರ್ಡಿಂಗನ್ನು ಶ್ರುತಿ ಬದಲಾಗದ ಹಾಗೆ ಅರ್ಧ ವೇಗಕ್ಕೆ ಇಳಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಒಂದೊಂದೇ ಅಕ್ಷರವನ್ನು ಮರಳಿ ಮರಳಿ ಕೇಳಿ, ಅದು ನಿಲ್ಲುವ ಜಾಗವನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ವಾದ್ಯದಲ್ಲಿ ಹುಡುಕಿ. ನೇರ ವಾದ್ಯದಲ್ಲಿ ಹುಡುಕಲು ಹೊರಟರೆ ಬೆರಳು ತನಗೆ ಅಭ್ಯಾಸವಿರುವ ರಾಗದ ಸ್ವರವನ್ನೇ ಹಿಡಿಯುತ್ತದೆ. ಗಂಡಸರ ಮಾತು ಸಾಮಾನ್ಯವಾಗಿ 100ರಿಂದ 180 ಹರ್ಟ್ಸ್ ಆಸುಪಾಸಿನಲ್ಲಿ ಓಡಾಡುತ್ತದೆ. ಆಲ್ಟೊದ ಅತಿ ಕೆಳಗಿನ ಸ್ವರವೇ ಸುಮಾರು 139 ಹರ್ಟ್ಸ್. ಆದ್ದರಿಂದ ಒಂದು ಸ್ಥಾಯಿ ಮೇಲೆ ಬರೆದುಕೊಳ್ಳಬೇಕು. ಹೆಂಗಸರ ಮಾತನ್ನು ಇದ್ದಲ್ಲೇ ಹಿಡಿಯಬಹುದು, ಆದರೂ ಒಂದು ಸ್ಥಾಯಿ ಏರಿಸಿಕೊಂಡರೆ ಅನುಕೂಲ. ಯಾಕೆಂದರೆ ಆಲ್ಟೊದಲ್ಲಿ ಸ್ವರವನ್ನು ಜಾರಿಸುವುದು ಕೆಳಸ್ಥಾಯಿಯಲ್ಲಿ ಬಹಳ ಕಷ್ಟ. ಕೆಳದವಡೆ ಸಡಿಲಿಸಿ ಮೇಲಿನ ಸ್ವರಗಳನ್ನು ಒಂದು, ಒಂದೂವರೆ ಸ್ವರಸ್ಥಾನ ಇಳಿಸಬಹುದು. ಕೆಳಗಿನ ಡಿ, ಸಿ ಕಡೆ ಅರ್ಧ ಸ್ವರಸ್ಥಾನ ಅಲುಗಾಡಿಸುವುದೂ ದೊಡ್ಡ ಮಾತು.

ಇಲ್ಲೊಂದು ತೊಡಕು. ದವಡೆಯಿಂದ ಸ್ವರ ಇಳಿಯುತ್ತದೆ, ಏರುವುದಿಲ್ಲ. ತುಟಿ ಬಿಗಿದು ಏರಿಸಲು ಹೋದರೆ ರೀಡ್ (ಮೌತ್‌ಪೀಸ್‌ನಲ್ಲಿ ಕಂಪಿಸುವ ತೆಳು ಪಟ್ಟಿ) ಮುಚ್ಚಿಕೊಂಡು ನಾದ ಕಟ್ಟುತ್ತದೆ. ಪ್ರಶ್ನೆಯ ಕೊನೆ ಮೇಲಕ್ಕೆ ಏಳುತ್ತದಲ್ಲ, ಆ 'ತಮ್ದು' ಏರಿಕೆಯನ್ನು ನುಡಿಸಲು ಮುಟ್ಟಬೇಕಾದ ಸ್ವರದ ಕೀಯನ್ನೇ ಹಿಡಿದು, ದವಡೆ ಸಡಿಲಿಸಿ ಕೆಳಗಿನಿಂದ ಶುರು ಮಾಡಿ, ನಿಧಾನವಾಗಿ ಮಾಮೂಲಿ ಬಿಗಿಗೆ ಬರಬೇಕು. ಕೊಳಲಿನಲ್ಲೋ ನಾಗಸ್ವರದಲ್ಲೋ ಬೆರಳಿನಿಂದ ರಂಧ್ರವನ್ನು ಅರ್ಧ ತೆರೆದು ಮಾಡುವ ಕೆಲಸ ಇಲ್ಲಿ ಅಷ್ಟು ಸುಲಭವಲ್ಲ. ರಂಧ್ರಕ್ಕೂ ಬೆರಳಿಗೂ ಮಧ್ಯೆ ಕೀ ಮತ್ತು ರಂಧ್ರ ಮುಚ್ಚುವ ಚರ್ಮದ ಪ್ಯಾಡ್ ಇವೆ. ಕೀಯನ್ನು ನಿಧಾನವಾಗಿ ಒತ್ತುತ್ತಾ ದವಡೆಯನ್ನೂ ಜೊತೆಗೆ ಬಿಡುವುದನ್ನು ರೂಢಿಸಿಕೊಂಡರೆ ಎರಡು ಸ್ವರಗಳ ನಡುವಿನ ಮೆಟ್ಟಿಲು ಕಿವಿಗೆ ತಿಳಿಯುವುದಿಲ್ಲ.

ಹನ್ನೆರಡು ಸ್ವರಸ್ಥಾನಗಳಿಗೆ ಸರಿಯಾಗಿ ಕೂರದ ಅಕ್ಷರಗಳು ಸಿಕ್ಕೇ ಸಿಗುತ್ತವೆ. ಅವನ್ನು ಹತ್ತಿರದ ಸ್ವರಕ್ಕೆ ತಳ್ಳಿಬಿಡಬೇಡಿ, ಮೇಲೊಂದು ಬಾಣದ ಗುರುತು ಹಾಕಿಡಿ. ಎಲ್ಲವನ್ನೂ ತಳ್ಳಿದರೆ ಕೊನೆಗೆ ಉಳಿಯುವುದು ಸರಳೆ ವರಸೆಯಂಥ ಸಾಲು. ಅದರಲ್ಲಿ ಮಾತಾಡಿದವರು ಇರುವುದಿಲ್ಲ. ಹಾಗೆಯೇ ಸಿಕ್ಕಿದ ಸ್ವರಗಳನ್ನು ನೋಡಿ ಇದು ಇಂಥ ರಾಗ ಎಂದು ತೀರ್ಮಾನಿಸಿ ಉಳಿದ ಸ್ವರಗಳನ್ನು ತುಂಬುವುದೂ ಈ ಹಂತದಲ್ಲಿ ಬೇಡ.

ಈಗ ತಾಳ. ಆದಿತಾಳದ 8 ಅಕ್ಷರ (ಇಲ್ಲಿ ಅಕ್ಷರ ಎಂದರೆ ತಾಳದ ಎಣಿಕೆ), ಅಕ್ಷರಕ್ಕೆ 4 ಮಾತ್ರೆಯಂತೆ ಒಂದು ಆವರ್ತ 32 ಮಾತ್ರೆ. ಜಾಝ್‌ನವರ ನಾಲ್ಕರ ಲೆಕ್ಕದಲ್ಲಿ ಇದು ಎರಡು ಬಾರ್. ನಮ್ಮ ವಾಕ್ಯ 10. ಮೂರು ಸಲ ನುಡಿಸಿದರೆ 30. ನಡುವಿನ ಎರಡು ಸಂದಿಗೆ ಒಂದೊಂದು ಮಾತ್ರೆ ಕಾರ್ವೆ ಕೊಟ್ಟರೆ 32. ಸಮದಲ್ಲಿ, ಅಂದರೆ ಆವರ್ತದ ಮೊದಲ ಎಣಿಕೆಯಲ್ಲಿ, ಎತ್ತಿ ಮೂರು ಸಲ ಊರು ಕೇಳಿದರೆ ಮುಂದಿನ ಸಮಕ್ಕೆ ಸರಿಯಾಗಿ ಬಂದು ಬೀಳುತ್ತೀರಿ. ಡೋಲಿನವರು ಇದನ್ನು ಐದು ಮಾತ್ರೆಯ ಸೊಲ್ಲು ತದಿಗಿಣತೊಂ ಎರಡೆರಡು ಸಲ ಎಂದು ತಕ್ಷಣ ಹಿಡಿಯುತ್ತಾರೆ. ಅವರ 5, 5ರ ಮೇಲೆ ನಿಮ್ಮ 2, 2, 2, 1, 2, 1 ಓರೆಯಾಗಿ ಕೂರುತ್ತದೆ. ಆ ಓರೆಯಲ್ಲೇ ರುಚಿ ಇರುವುದು, ಅದನ್ನು ನೇರ ಮಾಡಲು ಹೋಗಬೇಡಿ.

ವೇಗ ನಿಮಿಷಕ್ಕೆ 60 ಅಕ್ಷರದಲ್ಲಿ ಶುರು ಮಾಡಿ. ಆವರ್ತಕ್ಕೆ 8 ಸೆಕೆಂಡ್. ವಾಕ್ಯ ಎರಡೂವರೆ ಸೆಕೆಂಡ್ ಹಿಡಿಯುತ್ತದೆ, ಮಾತಿಗಿಂತ ಬಹಳ ನಿಧಾನ. 120ಕ್ಕೆ ಬಂದಾಗ ಮಾತಿನ ಓಟ ಸಿಗುತ್ತದೆ. ವೇಗ ಏರಿದ ಹಾಗೆ ಮೊದಲು ಹಾಳಾಗುವುದು 'ರಾಯ್ತು'ವಿನ ತು. ಒಂದೇ ಮಾತ್ರೆಯ ಲಘುವಾದ್ದರಿಂದ ನಾಲಗೆ ಅದನ್ನು ನುಂಗುತ್ತದೆ, ಒಟ್ಟು 9 ಆಗುತ್ತದೆ, ಮೂರನೆಯ ಸುತ್ತಿಗೆ ಡೋಲಿಗಿಂತ ಮೂರು ಮಾತ್ರೆ ಮುಂದೆ ಇರುತ್ತೀರಿ. ತುವಿಗೆ ಮಾತ್ರ ನಾಲಗೆ ಕೊಟ್ಟು ಉಳಿದದ್ದನ್ನು ಒಂದೇ ಉಸಿರಿನ ಹರಿವಿನಲ್ಲಿ ನುಡಿಸಿದರೆ ಇದು ತಪ್ಪುತ್ತದೆ.

ಶ್ರುತಿಯ ಲೆಕ್ಕವನ್ನೂ ಹೇಳಿಬಿಡುವುದು ಒಳ್ಳೆಯದು. ನಮ್ಮಲ್ಲಿ ಶ್ರುತಿಯನ್ನು ಹಾರ್ಮೋನಿಯಂನ ಮನೆಗಳಲ್ಲಿ ಎಣಿಸುತ್ತಾರೆ, ಸಿ ಎಂದರೆ ಒಂದು ಮನೆ. ಆಲ್ಟೊದಲ್ಲಿ ಸಿ ಹಿಡಿದರೆ ಹೊರಗೆ ಕೇಳುವುದು ಎರಡೂವರೆ ಮನೆ. ಒಂದು ಮನೆ ಶ್ರುತಿಗೆ ಷಡ್ಜ ಎ ಆಗುತ್ತದೆ, ಎರಡು ಮನೆಗೆ ಬಿ, ನಾಲ್ಕಕ್ಕೆ ಡಿ, ಐದಕ್ಕೆ ಇ, ಆರೂವರೆಗೆ ಜಿ. ಎರಡೂವರೆಯಲ್ಲಿ ನಡುವಿನ ಸಿ ಷಡ್ಜವಾದಾಗ ಶುದ್ಧ ರಿಷಭಕ್ಕೆ ಎಲ್ಲ ಬೆರಳೂ ತೆರೆದ ಸಿ ಶಾರ್ಪ್ ಬರುತ್ತದೆ. ಎಲ್ಲ ಆಲ್ಟೊಗಳಲ್ಲೂ ಅದು ತೆಳುವಾದ, ನೆಲೆ ನಿಲ್ಲದ ಸ್ವರ. ಮಾಯಾಮಾಳವಗೌಳ ರಾಗವನ್ನು ಎರಡೂವರೆಯಲ್ಲಿ ನುಡಿಸುವಾಗ ರಿಷಭ ಸೊರಗುವುದು ನಿಮ್ಮ ಊದುವಿಕೆಯ ದೋಷವಷ್ಟೇ ಅಲ್ಲ. ಬಲಗೈಯ ಒಂದೆರಡು ಬೆರಳು ಮುಚ್ಚಿ ನೋಡಿ, ಸ್ವರ ಸ್ವಲ್ಪ ತುಂಬಿಕೊಳ್ಳುತ್ತದೆ. ಯಾವ ಬೆರಳು ಎಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆ.

ಇಷ್ಟಾದ ಮೇಲೆ 'ಕನ್ನಡ' ರಚನೆಯನ್ನು ಇನ್ನೊಮ್ಮೆ ಕೇಳಿ. ಮೊದಲ ಸಲ ಅಂಕುಡೊಂಕು ಅನ್ನಿಸಿದ ಸಾಲು ಯಾರೋ ಮಾತಾಡುತ್ತಿರುವ ಹಾಗೆ ಬಿಡಿಬಿಡಿಯಾಗಿ ಕೇಳಿಸುತ್ತದೆ.

'ಕಿನ್ಸ್‌ಮೆನ್'ಗೆ ಬರೋಣ. ಮಹಾಂತಪ್ಪ ಅವರು ವಿದ್ಯಾರ್ಥಿಯಾಗಿದ್ದಾಗ ಅವರ ಅಣ್ಣ ಕದ್ರಿ ಗೋಪಾಲನಾಥರ ಒಂದು ಆಲ್ಬಮ್ ಉಡುಗೊರೆ ಕೊಟ್ಟಿದ್ದರು. ಇಬ್ಬರ ನಂಟಿನ ಬೀಜ ಅಲ್ಲಿದೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿಯವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಅದಕ್ಕೆ ಒಲಿದವರು. 1980ರ ಮುಂಬೈ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದ್ದರು. ಅಂದರೆ ಜಾಝ್ ಅವರಿಗೆ ಹೊಸದಾಗಿರಲಿಲ್ಲ. 'ಕಿನ್ಸ್‌ಮೆನ್'ನಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ, ರೆಝ್ ಅಬ್ಬಾಸಿಯ ಗಿಟಾರ್, ಕಾರ್ಲೊ ಡಿ ರೋಸಾ ಬಾಸ್, ರಾಯಲ್ ಹಾರ್ಟಿಗನ್ ಡ್ರಮ್ಸ್ ಇವೆ. ಎರಡು ಆಲ್ಟೊಗಳು ಒಂದೇ ಸಾಲನ್ನು ನುಡಿಸುವಾಗ ಯಾರು ಯಾರು ಎಂದು ಬಿಡಿಸುವುದು ಒಳ್ಳೆಯ ಕಿವಿಪಾಠ. ಸ್ವರದಿಂದ ಸ್ವರಕ್ಕೆ ಗಮಕದಲ್ಲೇ ಸಾಗುವ, ನಾಗಸ್ವರದ ಕಡೆ ವಾಲುವ ನಾದ ಕದ್ರಿಯವರದು. ಪ್ರತಿ ಸ್ವರಕ್ಕೂ ಮೊನೆ ಇರುವ, ದಟ್ಟ, ಸ್ವಲ್ಪ ಒರಟು ನಾದ ಮಹಾಂತಪ್ಪ ಅವರದು. ಇವರು ಕದ್ರಿಯವರ ಗಮಕವನ್ನು ಅನುಕರಿಸಲು ಹೋಗದೆ ತಮ್ಮ ದಾರಿಯಲ್ಲೇ ಉತ್ತರ ಕೊಟ್ಟದ್ದರಿಂದಲೇ ಆ ಆಲ್ಬಮ್ ನಿಂತಿದೆ. ಇಬ್ಬರೂ ಒಂದೇ ಬಗೆಯಲ್ಲಿ ನುಡಿಸಿದ್ದರೆ ಅಲ್ಲಿ ಮಾತುಕತೆ ಹುಟ್ಟುತ್ತಿರಲಿಲ್ಲ.

ಇದಕ್ಕೂ ಕಾಲು ಶತಮಾನ ಮೊದಲು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ಮಾಡಿತ್ತು. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ. ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ್ದ ಮರಿಯಾನೊ ನಾಗಸ್ವರವನ್ನೂ ಕಲಿತವರು. 'ಕಿನ್ಸ್‌ಮೆನ್' ಇಷ್ಟವಾದವರು ಅದನ್ನು ತಪ್ಪದೆ ಕೇಳಬೇಕು. ಅಲ್ಲಿ ಸ್ಯಾಕ್ಸೋಫೋನ್ ಹಿಂದೆ ಸರಿದು ಗಾಯನಕ್ಕೆ ಜಾಗ ಬಿಡುವ ರೀತಿ ವಾಲಗದಲ್ಲಿ ನುಡಿಸುವವರಿಗೂ ಪಾಠ.

ಎರಡನೆಯ ವಿಧಾನ 'ಬರ್ಡ್ ಕಾಲ್ಸ್'ನದು. ಆಲ್ಟೊ ಜಾಝ್‌ನ ದೊಡ್ಡ ಹೆಸರು ಚಾರ್ಲಿ ಪಾರ್ಕರ್. ಅವರ ರಚನೆಗಳನ್ನು ಮರುನುಡಿಸುವ ಬದಲು ಮಹಾಂತಪ್ಪ ಅವರು ಅವುಗಳ ಎಲುಬನ್ನು ಬಿಡಿಸಿಕೊಂಡರು. 'ಡೋನಾ ಲೀ'ಯಿಂದ 'ಆನ್ ದ ಡಿಎಲ್' ಹುಟ್ಟಿತು. 'ನೌಸ್ ದ ಟೈಮ್'ನಿಂದ 'ಮೇಬಿ ಲೇಟರ್'. ಇಲ್ಲಿ ಪಾರ್ಕರರ ವಾದನದ ಲಯವನ್ನು ಉಳಿಸಿಕೊಂಡು ಸ್ವರಗಳನ್ನು ಬದಲಿಸಲಾಗಿದೆ. ಟ್ರಂಪೆಟ್‌ನಲ್ಲಿ ಆಡಂ ಓ'ಫ್ಯಾರಿಲ್ ಇದ್ದಾರೆ, ಆಗ ಇಪ್ಪತ್ತರ ಆಸುಪಾಸಿನ ಹುಡುಗ. ಅವರ ವಾದನಕ್ಕಾಗಿಯೇ ಒಮ್ಮೆ ಪೂರ್ತಿ ಕೇಳಬಹುದು.

ನಮ್ಮಲ್ಲಿ ಇದನ್ನು ಮಾಡುವವರು ಪಾಠದ ಮೊದಲ ಗೀತೆಯಾದ ಪಿಳ್ಳಾರಿ ಗೀತೆಯಿಂದ ಶುರು ಮಾಡುವ ಯೋಚನೆ ಮಾಡುತ್ತಾರೆ, ಎಲ್ಲರಿಗೂ ಗೊತ್ತಿರುತ್ತದೆ ಎಂದು. ಅದು ಕೈಗೂಡುವುದಿಲ್ಲ. ಮಲಹರಿಯ 'ಮ ಪ ದ ಸ ಸ ರಿ' ಸಾಲಿನಲ್ಲಿ ಎಲ್ಲ ಸ್ವರಕ್ಕೂ ಒಂದೇ ಅಳತೆ. ಸ್ವರ ತೆಗೆದರೆ ಉಳಿಯುವುದು ಬರೀ ತಟ್ಟು. ಉದ್ದ ಗಿಡ್ಡ ಬೆರೆತಿರುವ ವರ್ಣದ ಪಲ್ಲವಿ, ಚಿಟ್ಟೆಸ್ವರದ ಕೊನೆಯ ಮುಕ್ತಾಯ ಅಥವಾ ಡೋಲಿನವರು ಮುಗಿಸಲು ನುಡಿಸುವ 'ತೀರ್ಮಾನ' ಎಂಬ ಒಂದು ನುಡಿ ತೆಗೆದುಕೊಳ್ಳಿ. ಅದರ ಲಯವನ್ನು ಒಂದೇ ಸ್ವರದಲ್ಲಿ, ಪಂಚಮದಲ್ಲಿ, ನಾಲಗೆಯಿಂದ ತಟ್ಟಿ ನುಡಿಸಿ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಎರಡು ಸ್ವರ, ಮೂರು ಸ್ವರ ಎಂದು ಏರಿಸುತ್ತಾ ಹೋಗಿ. ಐದಕ್ಕೆ ಹೋಗುವಷ್ಟರಲ್ಲಿ ಹಳೆಯ ವರ್ಣ ಯಾರಿಗೂ ಗುರುತು ಸಿಗುವುದಿಲ್ಲ, ಆದರೆ ಮುಕ್ತಾಯ ಮಾತ್ರ ಅದೇ ಬಿಗಿಯಲ್ಲಿ ಸಮಕ್ಕೆ ಬರುತ್ತದೆ.

ಈ ಅಭ್ಯಾಸಗಳು ಮಳೆಗಾಲದಲ್ಲಿ ಕೆಡುವುದಕ್ಕೆ ಬೇರೆಯೇ ಕಾರಣಗಳಿವೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿ ಶಾರ್ಪ್ ಕೀ ಅಂಟಿಕೊಳ್ಳುವುದು ತೀರಾ ಸಾಮಾನ್ಯ. ಆ ಪ್ಯಾಡ್ ಸದಾ ಮುಚ್ಚಿರುತ್ತದೆ. ಎಡಗೈ ಕಿರುಬೆರಳು ಒತ್ತಿದಾಗ ಅದನ್ನು ಮೇಲೆತ್ತುವುದು ಒಂದು ಸಣ್ಣ, ದುರ್ಬಲ ಸ್ಪ್ರಿಂಗ್. ಪ್ಯಾಡಿನ ಚರ್ಮ ತೇವದಿಂದ ಅಂಟಿದರೆ ಸ್ಪ್ರಿಂಗ್ ಸೋಲುತ್ತದೆ, ಕೀ ಒತ್ತಿದರೂ ಜಿ ಸ್ವರವೇ ಬರುತ್ತದೆ. ಮಾಯಾಮಾಳವಗೌಳದಲ್ಲಿ ಎರಡೂವರೆಗೆ ಅದು ಶುದ್ಧ ಧೈವತ, ಆರೂವರೆಗೆ ಶುದ್ಧ ರಿಷಭ, ಐದಕ್ಕೆ ಅಂತರ ಗಾಂಧಾರ. ಈ ಮೂರರಲ್ಲಿ ಒಂದರಿಂದ ಇನ್ನೊಂದಕ್ಕೆ ಶ್ರುತಿ ಬದಲಿಸಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಿಗರೇಟ್ ಸುತ್ತುವ ತೆಳು ಕಾಗದವನ್ನು ಪ್ಯಾಡಿನ ಕೆಳಗಿಟ್ಟು ಮೆಲ್ಲಗೆ ಒತ್ತಿ, ಬಿಟ್ಟು, ಸಡಿಲವಾದ ಮೇಲೆ ತೆಗೆಯಿರಿ. ಒತ್ತಿಕೊಂಡೇ ಎಳೆದರೆ ಚರ್ಮ ಹರಿಯುತ್ತದೆ. ಪೌಡರ್ ಹಾಕುವ ರೂಢಿ ಕೆಟ್ಟದ್ದು, ತೇವದ ಜೊತೆ ಸೇರಿ ಅದು ಹಿಟ್ಟಾಗುತ್ತದೆ. ಇನ್ನೊಂದು ಕಾರಣ ಕಾಫಿ. ಸಕ್ಕರೆ ಬೆರೆತ ಕಾಫಿ ಕುಡಿದು ಕೂಡಲೇ ಊದಿದರೆ ಎಂಜಲಿನ ಜೊತೆ ಸಕ್ಕರೆ ಒಳಗಿಳಿದು ಪ್ಯಾಡಿಗೆ ಹತ್ತುತ್ತದೆ. ಬಾಯಿ ಮುಕ್ಕಳಿಸಿದರೆ ಮುಕ್ಕಾಲು ತೊಂದರೆ ಇಲ್ಲ.

ರೀಡ್ ಬಿದಿರಿನ ಜಾತಿಯ ದಂಟಿನದು, ಗಾಳಿಯ ತೇವಕ್ಕೆ ತಕ್ಷಣ ಬದಲಾಗುತ್ತದೆ. ಅರಸೀಕೆರೆಯ ಬಿಸಿಲಿನಲ್ಲಿ ತುದಿ ಅಲೆಅಲೆಯಾಗಿ ಸುರುಳುತ್ತದೆ. ನುಡಿಸುವ ಮೊದಲು ಎರಡು ನಿಮಿಷ ನೀರಿನಲ್ಲಿಟ್ಟರೆ ನೇರವಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಅದೇ ರೀಡ್ ನೀರು ಕುಡಿದು ಮೆತ್ತಗಾಗುತ್ತದೆ, ಎರಡೂವರೆ ನಂಬರಿನ ರೀಡ್ ಬಳಸುವವರಿಗೆ ಅದಕ್ಕಿಂತ ಗಟ್ಟಿಯಾದ ಮೂರು ಬೇಕೆನ್ನಿಸುತ್ತದೆ. ನಾಲ್ಕು ರೀಡ್‌ಗಳನ್ನು ದಿನಕ್ಕೊಂದರಂತೆ ಸರದಿಯಲ್ಲಿ ಬಳಸಿ, ಒರೆಸಿ, ಚಪ್ಪಟೆ ಡಬ್ಬಿಯಲ್ಲಿಡಿ. ಮೌತ್‌ಪೀಸ್‌ನಲ್ಲೇ ಬಿಟ್ಟರೆ ಮೂರನೆಯ ದಿನಕ್ಕೆ ಬೂಷ್ಟು. ಒದ್ದೆ ಬಟ್ಟೆಯನ್ನು ವಾದ್ಯದ ಒಳಗೋ ಪೆಟ್ಟಿಗೆಯಲ್ಲೋ ಬಿಡಬೇಡಿ, ಪ್ಯಾಡುಗಳು ಊದಿಕೊಳ್ಳಲು ಅಷ್ಟೇ ಸಾಕು.

ಜೊತೆಗೆ ಇನ್ನೊಬ್ಬ ಸ್ಯಾಕ್ಸೋಫೋನಿನವರು ಸಿಕ್ಕರೆ ಆ 10 ಮಾತ್ರೆಯ ವಾಕ್ಯವನ್ನು ಕಾರ್ವೆ ಇಲ್ಲದೆ ಸುತ್ತಿಸಿ ನೋಡಿ. 16 ಸಲ ನುಡಿಸಿದರೆ 160 ಮಾತ್ರೆ, ಸರಿಯಾಗಿ 5 ಆವರ್ತ. ಎರಡನೆಯ ಆವರ್ತದ ಸಮ ವಾಕ್ಯದ ಮೂರನೆಯ ಮಾತ್ರೆಗೆ, ಅಂದರೆ 'ವೂ' ಮೇಲೆ ಬೀಳುತ್ತದೆ. ಮೂರನೆಯದು 'ರಾಯ್' ಮೇಲೆ, ನಾಲ್ಕನೆಯದು 'ತು' ಮೇಲೆ, ಐದನೆಯದು 'ತಮ್'ನ ಎರಡನೆಯ ಮಾತ್ರೆಯ ಮೇಲೆ. ಕೈಯಲ್ಲಿ ತಾಳ ಬಿಡದೆ ಇದನ್ನು ಬಾಯಲ್ಲಿ ಹೇಳಲು ಬಂದ ಮೇಲೆಯೇ ವಾದ್ಯ ಎತ್ತಬೇಕು. 60ರ ವೇಗದಲ್ಲಿ 5 ಆವರ್ತಕ್ಕೆ 40 ಸೆಕೆಂಡ್, ಒಂದೇ ಉಸಿರಿನಲ್ಲಿ ಆಗುವ ಕೆಲಸವಲ್ಲ. ಒಬ್ಬರು 'ತಮ್' ಗುರುವಿನ ಎರಡನೆಯ ಮಾತ್ರೆಯನ್ನು ಬಿಟ್ಟು ಉಸಿರು ತೆಗೆಯುವಾಗ ಇನ್ನೊಬ್ಬರು ಅದನ್ನು ಪೂರ್ತಿ ಹಿಡಿಯಬೇಕು. ಇಬ್ಬರೂ ಒಂದೇ ಸುತ್ತಿನಲ್ಲಿ ಉಸಿರು ತೆಗೆದರೆ ಅಲ್ಲೊಂದು ತೂತು ಬೀಳುತ್ತದೆ. ಆದ್ದರಿಂದ ಬೆಸ ಸುತ್ತು ಒಬ್ಬರಿಗೆ, ಸಮ ಸುತ್ತು ಇನ್ನೊಬ್ಬರಿಗೆ ಎಂದು ಮೊದಲೇ ಹಂಚಿಕೊಳ್ಳಿ.